ಕಾಗದ ಅಂತಲೇ ಬರೆಯಿರಿ

ಅಚ್ಚುಕೂಟದ ಬೈಂಡಿಂಗ್ ಕೋಣೆಯಲ್ಲಿ ಒಂಬತ್ತು ಹೆಂಗಸರಿದ್ದರು. ಎಂಟು ಮಂದಿಗೆ ಬಾಯಿ, ಒಬ್ಬಳಿಗೆ ಕೈ. ಹೀಗಂತ ಆ ಎಂಟು ಮಂದಿಯೇ ಹೇಳಿಕೊಂಡು ನಗುತ್ತಿದ್ದರು. ಇದು ಆ ಒಬ್ಬಳ ಕಥೆ. ಅವಳಿಗೂ ಬಾಯಿ ಇದೆ ಎಂಬುದು ಉಳಿದವರಿಗೆ ಗೊತ್ತಾಗಲು ಇಪ್ಪತ್ಮೂರು ವರ್ಷ ಹಿಡಿಯಿತು, ಅಷ್ಟೆ.

ಆ ಇಪ್ಪತ್ಮೂರು ವರ್ಷವೂ ಅವಳು ಮಾಡಿದ್ದು ಒಂದೇ ಕೆಲಸ. ಅಚ್ಚಾಗಿ ಬಂದ ಹಾಳೆಯನ್ನು ಮಡಚುವುದು, ಮತ್ತೆ ಮಡಚುವುದು, ಮಡಿಕೆ ಗಟ್ಟಿಯಾಗಿ ಕೂರಲು ಮೂಳೆಯ ಪಟ್ಟಿ ಎಳೆದು ಪಕ್ಕಕ್ಕಿಡುವುದು. ಕಾಗದಕ್ಕೂ ಮರದ ಹಾಗೆ ಎಳೆ ಇರುತ್ತದೆ. ಎಳೆಯ ಜೊತೆ ಹೋದರೆ ಮಣಿಯುತ್ತದೆ, ಎಳೆಗೆ ಎದುರಾದರೆ ಬಿರಿಯುತ್ತದೆ. ಹೊಸಬರು ಹಾಳೆಯ ಮೂಲೆ ಹರಿದು ಎಳೆ ಪತ್ತೆ ಹಚ್ಚುತ್ತಾರೆ. ಇವಳು ಎರಡು ಬೆರಳಲ್ಲಿ ಹಾಳೆ ಎತ್ತಿದರೆ ಸಾಕು, ಯಾವ ಕಡೆ ಬಾಗುತ್ತದೆ ಎಂದು ಹೇಳಿಬಿಡುವಳು. ಆದರೆ ಅದರ ಮೇಲೆ ಏನು ಅಚ್ಚಾಗಿದೆ ಎಂದು ಕೇಳಿ ನೋಡಿ, ಗೊತ್ತಿಲ್ಲ. ಬೈಂಡಿಂಗ್‌ನವರು ಓದುವುದಿಲ್ಲ. ಓದುತ್ತಾ ಕೂತರೆ ಸಂಜೆಯಾದರೂ ಹಾಳೆಯ ಗುಡ್ಡೆ ಕರಗುವುದಿಲ್ಲ. ಪುಟದ ಸಂಖ್ಯೆ ಸರಿಯಿದೆಯೇ, ಅಂಚಿಗೆ ಅಂಚು ಕೂಡಿತೇ, ಮುಗಿಯಿತು. ಎಷ್ಟು ಕಾದಂಬರಿಗಳು, ಎಷ್ಟು ಮಗ್ಗಿ ಪುಸ್ತಕಗಳು ಅವಳ ಕೈಯಲ್ಲಿ ಹಾದುಹೋದವೋ. ಅವಳ ಮಟ್ಟಿಗೆ ಎಲ್ಲವೂ ಬಿಳಿಯ ಮೇಲೆ ಬೂದು.

ಒಂದು ಸೋಮವಾರ ಮಡಚುವ ಯಂತ್ರ ಬಂತು. ನಾಲ್ಕು ಜನ ಹೊತ್ತು ತಂದು ಕಿಟಕಿಯ ಪಕ್ಕ ಕೂರಿಸಿದರು. ಗುಂಡಿ ಒತ್ತಿದ್ದೇ ತಡ, ಒಂಬತ್ತು ಜನರ ದಿನದ ಕೆಲಸವನ್ನು ಊಟದ ಹೊತ್ತಿಗೆ ಮುಗಿಸಿ, ಇನ್ನೂ ಇದ್ದರೆ ಕೊಡಿ ಎನ್ನುವಂತೆ ಗುರುಗುಟ್ಟುತ್ತಾ ನಿಂತಿತು. ಹೆಂಗಸರು ಗೋಡೆಗೆ ಒರಗಿ ನೋಡುತ್ತಿದ್ದರು. ಎಂಟು ಬಾಯಿಗಳೂ ಅವತ್ತು ಮುಚ್ಚಿದ್ದವು. ಇವಳ ಕೈ ಮಾತ್ರ ಸುಮ್ಮನಿರಲಾರದೆ, ನೆಲಕ್ಕೆ ಬಿದ್ದಿದ್ದ ಓರೆ ಕತ್ತರಿಕೆಯ ಪಟ್ಟಿಯೊಂದನ್ನು ಎತ್ತಿಕೊಂಡು ಹೊಲಿಗೆಯ ದಬ್ಬಳಕ್ಕೆ ಸುತ್ತುತ್ತಾ ಹೋಯಿತು. ತುದಿಗೆ ಒಂದಿಷ್ಟು ಅಂಟು ಸವರಿ ದಬ್ಬಳ ಎಳೆದರೆ, ಅಂಗೈಯಲ್ಲಿ ಒಂದು ಮಣಿ. ನಡು ಉಬ್ಬಿದೆ, ಎರಡೂ ತುದಿ ಸಣ್ಣಗಿದೆ, ಮೈತುಂಬ ಅಕ್ಷರದ ಚೂರುಗಳು ಎಳ್ಳು ಚೆಲ್ಲಿದ ಹಾಗೆ.

ಮೇಸ್ತ್ರಿ ನೋಡಿದ. "ಏನಮ್ಮಾ ಅದು?"

"ನಿಮ್ಮ ಯಂತ್ರಕ್ಕೆ ಬರದೇ ಇರೋ ಕೆಲಸ."

ಮುಚ್ಚಿದ್ದ ಎಂಟು ಬಾಯಿಗಳು ಒಟ್ಟಿಗೆ ತೆರೆದುಕೊಂಡು ನಕ್ಕವು. ಸುರುಳಿಯಕ್ಕ ಎಂಬ ಹೆಸರು ಹುಟ್ಟಿದ್ದು ಆಗ. ತಿಂಗಳು ಮುಗಿಯುವುದರೊಳಗೆ ಒಂಬತ್ತರಲ್ಲಿ ಏಳು ಜನರ ಕೆಲಸ ಹೋಯಿತು, ಏಳರಲ್ಲಿ ಅವಳೂ ಒಬ್ಬಳು. ಬಿಟ್ಟು ಹೊರಡುವಾಗ ಅವಳು ಕೇಳಿದ್ದು ಒಂದೇ: ರದ್ದಿಗೆ ಹೋಗುವ ಹಾಳೆಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳುವ ಅಪ್ಪಣೆ. ಮ್ಯಾನೇಜರನಿಗೆ ನಾಚಿಕೆಯೂ ಇತ್ತು, ರದ್ದಿಯೂ ಬೇಕಾದಷ್ಟಿತ್ತು. ಒಪ್ಪಿದ.

ಮನೆ ಎಂದರೆ ಎರಡು ಕೋಣೆ. ಗಂಡ ಗಡಿಯಾರ ರಿಪೇರಿಯವನು. ಬೀದಿಯ ತಿರುವಿನಲ್ಲಿ ಒಂದು ಬೀರುವಿನಷ್ಟು ಅಗಲದ ಅಂಗಡಿ. ಎಲ್ಲರೂ ಫೋನಿನಲ್ಲೇ ಗಂಟೆ ನೋಡುವ ಈ ಕಾಲದಲ್ಲಿ, ಗಂಟೆ ರಿಪೇರಿ ಮಾಡುವವನ ಹತ್ತಿರ ಇದ್ದದ್ದು ಪುರುಸೊತ್ತೊಂದೇ. ತನ್ನ ಚಿಮುಟವನ್ನೂ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನೂ ತಂದು ಹೆಂಡತಿಯ ಮುಂದಿಟ್ಟು, "ಜೋಪಾನ, ನಮ್ಮಪ್ಪಂದು" ಎಂದ. ಅದಕ್ಕಿಂತ ಹೆಚ್ಚು ಮಾತು ಅವನಲ್ಲಿರಲಿಲ್ಲ. ಆ ಮನೆಯ ಮಾತನ್ನೆಲ್ಲ ಅವನ ಅಮ್ಮ ಗುತ್ತಿಗೆಗೆ ಹಿಡಿದಿದ್ದಳು. ಎಪ್ಪತ್ತೆಂಟು ವರ್ಷ, ಮೊಣಕಾಲು ನೋವು, ಬೆನ್ನು ನೋವು. ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ.

"ಏನೇ ಅದು, ಇಷ್ಟು ವಯಸ್ಸಾದ್ಮೇಲೆ ಕಾಗದದ ಆಟ?"

"ಓಲೆ ಅತ್ತೆ, ಕಿವಿಗೆ."

"ಮಳೇಲಿ ಹೋದ್ರೆ ಕಿವಿಯೊಳಗೆ ಅಂಟು ಸೋರುತ್ತೆ, ಜೋಕೆ. ಆಮೇಲೆ ನಾನು ಬೈಯೋದೂ ಕೇಳ್ಸಲ್ಲ ನಿಂಗೆ."

"ಅಷ್ಟಾದ್ರೂ ಲಾಭ ಆಗ್ಲಿ ಬಿಡಿ ಅತ್ತೆ."

ಗೋಡೆ ಪಕ್ಕದ ಮೇಜಿನ ಮೇಲೆ ಕೆಲಸ ಶುರುವಾಯಿತು. ಎಳೆ ನೋಡಿ ಹಾಳೆಯನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಬೇಕು. ಅಗಲದ ಕಡೆಯಿಂದ ಸುತ್ತುತ್ತಾ ಬಂದರೆ ಮಣಿ; ಒಂದೇ ಅಗಲದ ಸಣ್ಣ ಪಟ್ಟಿ ಸುತ್ತಿದರೆ ಬಿಲ್ಲೆ; ಬಿಲ್ಲೆಯ ನಡುವನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಜುಮುಕಿಯ ಗುಮ್ಮಟ. ಅಂಟು ಕೊನೆಯ ಅರ್ಧ ಅಂಗುಲಕ್ಕೆ ಮಾತ್ರ. ಪೂರ್ತಿ ಅಂಟು ಮೆತ್ತುವವರು ಕಾಗದವನ್ನು ನಂಬದವರು ಎನ್ನುತ್ತಿದ್ದಳು ಅವಳು; ಬಿಗಿಯಾಗಿ ಸುತ್ತಿದ ಸುರುಳಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಮೇಲೆ ಮೂರು ಸಲ ವಾರ್ನಿಷ್. ಪೊರಕೆ ಕಡ್ಡಿಗಳಿಗೆ ಮಣಿ ಪೋಣಿಸಿ, ಕಡ್ಡಿಗಳನ್ನು ಹಳೇ ಸ್ಪಂಜಿಗೆ ಚುಚ್ಚಿ ಕಿಟಕಿಯಲ್ಲಿ ಒಣಗಿಸುವುದು. ವಾರದೊಳಗೆ ಪೊರಕೆ ಅರ್ಧವಾಯಿತು. ಕಸ ಗುಡಿಸುವಾಗೆಲ್ಲ ಅತ್ತೆಯ ಬಾಯಲ್ಲಿ ಅದರದ್ದೇ ಸ್ತೋತ್ರ.

ಕೆಲಸ ನೋಡಿದವರು ಬೆರಗಾಗುತ್ತಿದ್ದರು. ತೊಂದರೆ ಶುರುವಾಗುತ್ತಿದ್ದದ್ದು ಒಂದು ಪ್ರಶ್ನೆಯಿಂದ. ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಓಲೆ ಹಾಕಿಕೊಂಡು, ಕೈಗನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, ಮುಖ ಅರಳಿಸಿ ಕೇಳಿದಳು: "ಏನ್ರೀ ಇದು, ಯಾವುದರಲ್ಲಿ ಮಾಡಿದ್ದು?"

"ಕಾಗದ."

ಮುಖ ಮುದುಡಿತು. ಓಲೆ ಕಿವಿಯಿಂದ ಇಳಿಯಿತು. "ಅಯ್ಯೋ, ಕಾಗದಾನಾ?"

"ನಿಮ್ಮ ಮನೆ ಪತ್ರ ಯಾವುದ್ರಲ್ಲಿದೆ? ಅದೂ ಕಾಗದಾನೇ. ಅದನ್ನ ಬೀರೂಲಿ ಇಟ್ಟು ಬೀಗ ಹಾಕಲ್ವಾ?"

ಆಕೆ ಬಸ್ಸು ಹತ್ತಿದಳು. ಹೀಗೆ ಎಷ್ಟೋ ಬಸ್ಸುಗಳು ಹೋದವು. ಹತ್ತು ಜನ ಮೆಚ್ಚಿದರೆ ಒಬ್ಬಳು ಕೊಂಡಳು. ಆದರೂ ಸುರುಳಿಯಕ್ಕ ಕೇಳಿದವರಿಗೆಲ್ಲ ಕಾಗದ ಎಂದೇ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಹಾಗಿದ್ದವಳು ಒಂದು ಸಲ ಮಾತ್ರ ಆ ಮಾತನ್ನು ನುಂಗಿಕೊಂಡಳು.

ದೊಡ್ಡ ಬೀದಿಯಲ್ಲಿ ಒಂದು ಫ್ಯಾನ್ಸಿ ಅಂಗಡಿ. ಬಾಗಿಲು ಗಾಜು, ಗೋಡೆ ಗಾಜು, ಕಪಾಟು ಗಾಜು. ಮಾಲೀಕನನ್ನು ಜನ ಗಾಜಿನ ಸಾಹುಕಾರ ಎನ್ನುತ್ತಿದ್ದರು. ಬಾಗಿಲ ಪಕ್ಕದ ಕಪಾಟಿನಲ್ಲಿ ಸಣ್ಣ ಸಣ್ಣ ದೀಪಗಳ ಕೆಳಗೆ ಕಿವಿಯೋಲೆ, ಸರಗಳು ಮಿರಮಿರ ಹೊಳೆಯುತ್ತಿದ್ದವು. ಸುರುಳಿಯಕ್ಕ ಅದರ ಮುಂದೆ ಎಷ್ಟು ದಿನ ನಿಂತಿದ್ದಳೋ! ಇಪ್ಪತ್ಮೂರು ವರ್ಷ ಬೀದಿಗೆ ಬೆನ್ನು ಹಾಕಿದ ಕೋಣೆಯಲ್ಲಿ ಕೂತವಳು. ಬರೆದವನ ಹೆಸರು ಪುಸ್ತಕದ ಮೇಲಿರುತ್ತದೆ, ಅಚ್ಚು ಹಾಕಿದವನ ಹೆಸರು ಒಳಗಿರುತ್ತದೆ, ಮಡಚಿದವಳ ಹೆಸರು ಎಲ್ಲೂ ಇರುವುದಿಲ್ಲ. ತನ್ನ ಕೈಕೆಲಸ ಒಮ್ಮೆಯಾದರೂ ಬೀದಿಗೆ ಮುಖ ಮಾಡಿ ನಿಲ್ಲಬೇಕು ಎಂಬ ಆಸೆ. ಒಂದು ದಿನ ಡಬ್ಬಿ ಹಿಡಿದು ಒಳಗೆ ಹೋದಳು.

ಸಾಹುಕಾರ ಒಂದು ಜೊತೆ ಎತ್ತಿ ಬೆಳಕಿಗೆ ಹಿಡಿದ. "ಭೇಷ್! ಮರಾನಾ?"

"ಕಾಗದ."

ಬಿಸಿ ಪಾತ್ರೆ ಇಟ್ಟ ಹಾಗೆ ತಟ್ಟನೆ ಕೆಳಗಿಟ್ಟ. ಆಮೇಲೆ ಮತ್ತೆ ಎತ್ತಿಕೊಂಡ. "ನೋಡಮ್ಮ, ಕೆಲಸ ಚೆನ್ನಾಗಿದೆ. ಹೆಸರು ಚೆನ್ನಾಗಿಲ್ಲ. ಒಂದು ಕೆಲಸ ಮಾಡು. ಇದರ ಮೇಲೆಲ್ಲ ಬಂಗಾರದ ಬಣ್ಣ ಬಳಿ. ಅರವತ್ತು ಜೊತೆ ತಂದುಕೊಡು. ಈ ಕಪಾಟಿನಲ್ಲೇ ಇಡ್ತೀನಿ, ಬಾಗಿಲ ಪಕ್ಕ. ಮಾರಿದ ಮೇಲೆ ದುಡ್ಡು. ಹೊರದೇಶದ ಹಗುರ ಮರ ಅಂತ ಚೀಟಿ ನಾನು ಬರೆಸ್ತೀನಿ."

"ಅದು ಸುಳ್ಳಾಗಲ್ವಾ?"

"ಕಾಗದ ಎಲ್ಲಿಂದ ಬಂತು? ಮರದಿಂದ. ಎಲ್ಲಿದೆ ಸುಳ್ಳು?"

ಅವಳು ಬಾಗಿಲ ಪಕ್ಕದ ಕಪಾಟನ್ನು ನೋಡಿದಳು. ದೀಪಗಳು ಉರಿಯುತ್ತಿದ್ದವು. "ಆಗ್ಲಿ" ಎಂದಳು.

ಮನೆಗೆ ಬಂದು ಹೇಳಿದರೆ ಗಂಡ ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಮಾತ್ರ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಕಾಗದ ಅಂತ ನಾನು ದಿನಾ ಬೈತಿದ್ದೆ, ನಿಜ. ಅದನ್ನ ಮರ ಅನ್ನು ಅಂತ ಬೈದಿದ್ನಾ?"

"ಅಂಗಡಿಯವರು ಹೇಳೋದು ಅತ್ತೆ, ನಾನಲ್ಲ."

"ಓಹೋ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಂತೆ."

ಸುರುಳಿಯಕ್ಕ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅರವತ್ತು ಜೊತೆಗೆ ಒಂದೇ ಬಗೆಯ ಕಾಗದ ಬೇಕು. ಅಚ್ಚುಕೂಟದ ರದ್ದಿ ಗುಡ್ಡೆಯಲ್ಲಿ ಕೈಯಾಡಿಸುತ್ತಾ ಹೋದವಳಿಗೆ ಒಂದು ಕಂತೆ ಸಿಕ್ಕಿತು. ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ, ಎಳೆ ನೇರ, ಸುತ್ತಿದರೆ ರೇಷ್ಮೆಯ ಹಾಗೆ ಕೂರುತ್ತದೆ. ಪಕ್ಕದಲ್ಲೇ ಅಚ್ಚಾಗದ ಬಿಳಿ ಹಾಳೆಯ ಕಂತೆಯೂ ಇತ್ತು. ಅದು ದಪ್ಪ, ಒರಟು. ಅವಳ ಬೆರಳು ಅದನ್ನು ಒಪ್ಪಲಿಲ್ಲ. ಹೇಗೂ ಮೇಲೆ ಬಣ್ಣ ಬರುತ್ತದಲ್ಲ ಎಂದುಕೊಂಡಳು. ತೆಳು ಹಾಳೆಯ ಎರಡೂ ಬದಿಗೆ ಸಾಸಿವೆಗಿಂತ ಸಣ್ಣ ಅಕ್ಷರಗಳು ಒತ್ತೊತ್ತಾಗಿ ತುಂಬಿದ್ದವು. ಬೇರೆ ಯಾರೇ ಆಗಿದ್ದರೂ ಏನು ಬರೆದಿದೆ ಎಂದು ಒಂದು ಸಾಲಾದರೂ ಓದುತ್ತಿದ್ದರು. ಇವಳು ಎಳೆ ನೋಡಿದಳು, ದಪ್ಪ ನೋಡಿದಳು, ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದಳು.

ಇಪ್ಪತ್ತು ದಿನ ಸುತ್ತಿದಳು, ಒಂದು ವಾರ ಬಣ್ಣ ಬಳಿದಳು. ಅರವತ್ತು ಜೊತೆ ಗಾಜಿನ ಕಪಾಟಿಗೆ ಏರಿದವು. ನೋಡಲು ಹೋದಳು. ದೀಪದ ಕೆಳಗೆ ಬಂಗಾರದ ಮಣಿಗಳು ಸಾಲಾಗಿ ನೇತಾಡುತ್ತಿದ್ದವು. ಯಾರೋ ದಾರಿಹೋಕರು ನಿಂತು, "ಎಷ್ಟು ಚೆನ್ನಾಗಿದೆ ನೋಡು ಮರದ ಕೆಲಸ" ಎಂದರು. ಪಕ್ಕದ ಮನೆಯ ಮಗುವಿಗೆ ಬಿದ್ದ ಬಹುಮಾನಕ್ಕೆ ಚಪ್ಪಾಳೆ ತಟ್ಟಿದ ಹಾಗಾಯಿತು ಅವಳಿಗೆ. ಮತ್ತೆ ಆ ಬೀದಿಗೆ ಹೋಗಲಿಲ್ಲ.

ಮೂರನೆಯ ವಾರ ಅಂಗಡಿಯಿಂದ ಫೋನು ಬಂತು. "ಇದ್ದ ಹಾಗೇ ಬಾಮ್ಮ, ಬೇಗ."

ಹೋಗಿ ನೋಡಿದರೆ ಗಲ್ಲಾದ ಮುಂದೆ ಒಬ್ಬ ನರ್ಸು, ಆಸ್ಪತ್ರೆಯ ಉಡುಪಿನಲ್ಲೇ ಬಂದು ನಿಂತಿದ್ದಾಳೆ. ಕೈಯಲ್ಲಿ ಒಂದು ಜೊತೆ ಓಲೆ.

"ಇದೇನು ಅಂತ ಹೇಳಿ ಮೊದಲು. ನಮ್ಮ ವಾರ್ಡಲ್ಲಿ ಒಬ್ಬರು ಅಜ್ಜ, ಕಣ್ಣಿನ ಆಪರೇಷನ್ ಆಗಿತ್ತು, ಮುಖದ ಹತ್ರ ಬಗ್ಗಿ ಪಟ್ಟಿ ಬಿಚ್ಚಿದೆ. ಹೊಸ ಕಣ್ಣಲ್ಲಿ ಮೊದಲು ಓದಿದ್ದೇ ನನ್ನ ಕಿವಿ! 'ಸಿಸ್ಟರ್, ಊಟದ ನಂತರ ಅಂತ ಇದೆ, ದಿನಕ್ಕೆ ಎಷ್ಟು ಸಲ?' ಅಂದ್ರು. ಇಡೀ ವಾರ್ಡು ಹೊಟ್ಟೆ ಹಿಡ್ಕೊಂಡು ನಗ್ತಿದೆ."

ಸುರುಳಿಯಕ್ಕ ಓಲೆ ತೆಗೆದುಕೊಂಡು, ಸದಾ ಚೀಲದಲ್ಲಿರುತ್ತಿದ್ದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿದಳು. ಬಣ್ಣದ ಎಣ್ಣೆ ಶಾಯಿಯನ್ನು ಕರಗಿಸಿತ್ತು, ಕಪಾಟಿನ ದೀಪದ ಶಾಖ ಅದನ್ನು ಮೇಲಕ್ಕೆಳೆದಿತ್ತು. ಬಂಗಾರದ ಮೈಮೇಲೆ ಅಕ್ಷರಗಳು ಕಂದು ಬಣ್ಣದಲ್ಲಿ ಎದ್ದು ನಿಂತಿದ್ದವು: ಊಟದ ನಂತರ. ಇಪ್ಪತ್ಮೂರು ವರ್ಷದಲ್ಲಿ, ತನ್ನ ಕೈಯಲ್ಲಿರುವ ಹಾಳೆಯಲ್ಲಿ ಏನು ಬರೆದಿದೆ ಎಂದು ಅವಳು ಓದಿದ್ದು ಅದೇ ಮೊದಲು.

ಸಾಹುಕಾರ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಅಕ್ಷರದ ಡಿಸೈನು ಅಂತ ಹೇಳಿಬಿಡು. ಮರದ ಮೇಲೆ ಅಕ್ಷರ ಅಂಟಿಸೋದು ಹೊಸ ಫ್ಯಾಷನ್ನು ಅನ್ನು. ನೀನು ಹೇಳಿದ್ರೆ ನಂಬ್ತಾಳೆ. ಇದೊಂದು ದಾಟಿಸು, ಇನ್ನೂ ನೂರು ಜೊತೆ ನಿಂದೇ. ವರ್ಷಪೂರ್ತಿ ಈ ಕಪಾಟು ನಿಂದೇ."

ಒಂದು ವರ್ಷ ಆ ಕಪಾಟು. ಒಂದೇ ಒಂದು ಮಾತಿಗೆ. ಅವಳು ಬೆರಳಲ್ಲಿದ್ದ ಮಣಿಯನ್ನು ಒಂದು ಸುತ್ತು ತಿರುಗಿಸಿದಳು. ಆಮೇಲೆ ಗಲ್ಲಾದ ಹತ್ತಿರ ಬಂದು, ಚೀಲದಿಂದ ಚಿಮುಟ ತೆಗೆದು, ಮಣಿಯ ಅಂಟಿನ ತುದಿಯನ್ನು ಮೀಟಿದಳು. ಬಣ್ಣ ಹಕ್ಕಳೆಯಾಗಿ ಎದ್ದಿತು. ಎಳೆದಳು. ಸುರುಳಿ ಬಿಚ್ಚಿಕೊಳ್ಳುತ್ತಾ ಗಾಜಿನ ಮೇಲೆ ಒಂದು ಮೊಳ ಉದ್ದಕ್ಕೆ ಮೈಚಾಚಿ ಮಲಗಿತು.

"ಸಿಸ್ಟರ್, ಇದು ಕಾಗದ. ಮರ ಅಲ್ಲ, ಮರದ ಮೇಲೆ ಅಂಟಿಸಿದ್ದೂ ಅಲ್ಲ. ಮೊದಲಿಂದ ಕೊನೇವರೆಗೂ ಕಾಗದಾನೇ. ಸುತ್ತಿದ್ದು ನಾನು. ಬಣ್ಣ ಬಳಿದು ಮುಚ್ಚಿದ್ದೂ ನಾನೇ."

ನರ್ಸು ಪಟ್ಟಿಯ ಮೇಲೆ ಬಗ್ಗಿ ಓದಿದಳು. ಓದಿ ಹುಬ್ಬೇರಿಸಿದಳು. "ಇದು ಜಂತುಹುಳದ ಮಾತ್ರೆ ಡಬ್ಬಿಯೊಳಗಿರೋ ಚೀಟಿ! ಒಂದು ವಾರದಿಂದ ಜಂತುಹುಳ ನೇತಾಕ್ಕೊಂಡು ಓಡಾಡ್ತಿದೀನಾ ನಾನು?"

ಮೂಲೆಯಲ್ಲಿದ್ದ ಅಂಗಡಿ ಹುಡುಗಿ ನಗು ತಡೆಯಲಾರದೆ ಒಳಗೆ ಓಡಿದಳು. ಸಾಹುಕಾರ ಮಾತ್ರ, "ನಂಗೇನೂ ಗೊತ್ತಿಲ್ಲ, ನಾನು ಮರ ಅಂತಲೇ ತಗೊಂಡಿದ್ದು" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳುವ ಮೊದಲೇ.

ನರ್ಸು ನಗಲಿಲ್ಲ. ಸುರುಳಿಯಕ್ಕನ ಕಡೆ ತಿರುಗಿದಳು. "ಕಾಗದ ಅಂದಿದ್ರೆ ತಗೋತಿದ್ನೋ ಬಿಡ್ತಿದ್ನೋ, ಅದು ನನ್ನಿಷ್ಟ. ನೀವಿಬ್ರೂ ಸೇರಿ ಅದನ್ನ ನನ್ನಿಂದ ಕಿತ್ಕೊಂಡ್ರಿ. ಅವರೊಬ್ಬರೇ ಅಲ್ಲ."

"ಹೌದು. ನಂದೂ ತಪ್ಪು" ಎಂದಳು ಸುರುಳಿಯಕ್ಕ. ತಲೆ ತಗ್ಗಿಸಲಿಲ್ಲ, ನೆಪವನ್ನೂ ಹೇಳಲಿಲ್ಲ.

ನರ್ಸು ದುಡ್ಡು ವಾಪಸ್ಸು ತೆಗೆದುಕೊಂಡು ಹೋದ ಮೇಲೆ ಅಂಗಡಿಯಲ್ಲಿ ಇಬ್ಬರೇ ಉಳಿದರು.

"ತಲೆ ಕೆಟ್ಟಿದೆಯಾ ನಿಂಗೆ? ಕೂತ ಕೊಂಬೆಗೇ ಕೊಡಲಿ ಹಾಕ್ಕೊಂಡ್ಯಲ್ಲ!"

"ಸಾಹುಕಾರ್ರೇ, ಆ ಚೀಟಿ ತೆಗೀರಿ. ಕಾಗದ ಅಂತ ಬರೆದು ಇಡಿ. ಮಿಕ್ಕಿದ್ದು ಇಲ್ಲೇ ಇರ್ಲಿ."

"ಕಾಗದ ಅಂತ ಬರೆದ್ರೆ ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು?"

"ಮರ ಅಂತ ಬರೆದಿದ್ದಕ್ಕೆ ಏನಾಯ್ತು ಅಂತ ಈಗ ತಾನೇ ನೋಡಿದ್ರಲ್ಲ."

ಅವನು ಕೈ ಬೀಸಿ ಬಾಗಿಲು ತೋರಿಸಿದ. ಅವಳು ಬಾಗಿಲಿಗೆ ಹೋಗಲಿಲ್ಲ, ಕಪಾಟಿಗೆ ಹೋದಳು. ಮಾರಾಟವಾಗದೆ ಉಳಿದ ನಲವತ್ತೊಂದು ಜೊತೆ ಇನ್ನೂ ಅವಳದ್ದೇ ತಾನೇ. ಒಂದೊಂದಾಗಿ ಕೊಕ್ಕೆಯಿಂದ ಬಿಡಿಸಿ ಡಬ್ಬಿಗೆ ಹಾಕಿದಳು, ಅವಸರ ಮಾಡದೆ. ಒಳಗೆ ಬಂದ ಗಿರಾಕಿಗಳು ಏನೆಂದು ಕೇಳಿದರೆ ಕಾಗದ ಎಂದಳು. ಬಾಗಿಲ ಪಕ್ಕದ ಕಪಾಟು ಖಾಲಿಯಾಯಿತು. ದೀಪಗಳು ಬರೀ ಗಾಜನ್ನು ಬೆಳಗುತ್ತಾ ಉಳಿದವು.

ಮನೆಯಲ್ಲಿ ಅತ್ತೆ ಡಬ್ಬಿಯನ್ನೂ ಸೊಸೆಯ ಮುಖವನ್ನೂ ನೋಡಿದಳು. "ಓಡಿಸಿದ್ನಾ?"

"ನಾನೇ ಬಂದೆ."

"ಹೇಳಿದ್ಯಾ ಕಾಗದ ಅಂತ?"

"ಹೇಳ್ದೆ."

"ಎಷ್ಟು ಜನರ ಮುಂದೆ?"

"ಒಬ್ಬರ ಮುಂದೆ. ಆಮೇಲೆ ಬಂದೋರ ಮುಂದೆಲ್ಲ."

"ಸಾಲದು" ಎಂದಳು ಅತ್ತೆ. "ಬೀದಿಗೆಲ್ಲಾ ಮರ ಅಂತ ಸಾರಿ, ಒಬ್ಬಳ ಕಿವೀಲಿ ಕಾಗದ ಅಂದ್ರೆ ಸರಿಹೋಯ್ತಾ?"

ಸರಿಯೇ. ಮರುದಿನ ಬೆಳಗ್ಗೆ ಗಂಡ ಮಡಚುವ ಮೇಜೊಂದನ್ನು ತಲೆಯ ಮೇಲೆ ಹೊತ್ತು ದೊಡ್ಡ ಬೀದಿಗೆ ಬಂದ. ಫ್ಯಾನ್ಸಿ ಅಂಗಡಿಯ ಎದುರಿನ ಪಾದಚಾರಿ ಹಾದಿಯಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಕೂರುತ್ತಿದ್ದ. ಅವನು ಕಥೆಯೆಲ್ಲ ಕೇಳಿ, ತನ್ನ ಉಳಿ ಮೊಳೆಗಳನ್ನು ಅತ್ತ ಸರಿಸಿ ಅರ್ಧ ಜಾಗ ಬಿಟ್ಟುಕೊಟ್ಟ. ಮೇಜಿನ ಒಂದು ಬದಿಗೆ ಹೊಸ ಓಲೆಗಳು, ಬಣ್ಣವಿಲ್ಲದವು, ಅಕ್ಷರಗಳೆಲ್ಲ ಹೊರಗೇ ಕಾಣುವಂಥವು. ಇನ್ನೊಂದು ಬದಿಗೆ ಆ ನಲವತ್ತೊಂದು ಜೊತೆ, ಅವುಗಳ ಮುಂದೆ ಬೇರೆಯೇ ಚೀಟಿ: ಬಣ್ಣ ಬಳಿದ ಕಾಗದ, ಅಕ್ಷರ ಮೇಲೆ ಬರುತ್ತದೆ, ತಿಳಿದು ಕೊಳ್ಳಿ. ಮೇಜಿನ ಮುಂದೆ ಒಂದು ರಟ್ಟು. ಅದರ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ ಒಂದೇ ಮಾತು: ಕಾಗದ. ರಸ್ತೆಯ ಆಚೆಗೂ ಕಾಣುವಷ್ಟು ದೊಡ್ಡದಾಗಿ ಬರಿ ಎಂದು ಅತ್ತೆ ಎರಡು ಸಲ ಅಳಿಸಿ ಬರೆಸಿದ್ದಳು.

ಮೊದಲ ದಿನ ಮೂರು ಜೊತೆ ಹೋದವು. ಎರಡನೆಯ ದಿನ ಒಂದೂ ಇಲ್ಲ. ಮೂರನೆಯ ದಿನ ಅಂಗಡಿಯ ಕಾವಲಿನವನು ಬಂದು ಜಾಗ ಬಿಡಿ ಎಂದ. "ನಿಮ್ಮ ಸಾಹುಕಾರ್ರ ಗಾಜು ರಸ್ತೆಯ ಈ ಕಡೆಗೂ ಬಂದಿದೆಯಾ?" ಎಂದು ಚಪ್ಪಲಿಯವನೇ ಕೇಳಿ ಕಳಿಸಿದ. ನಾಲ್ಕನೆಯ ದಿನ ಸಾಹುಕಾರನೇ ರಸ್ತೆ ದಾಟಿ ಬಂದ. ಬಾಗಿಲ ಪಕ್ಕದ ಕಪಾಟು ಇನ್ನೂ ಖಾಲಿಯೇ ಇತ್ತು. ಬರುವವರೆಲ್ಲ ಅದೇಕೆ ಖಾಲಿ ಎಂದು ಕೇಳಿ, ರಸ್ತೆಯ ಈಚೆಗೆ ನೋಡಿ, ನಗುತ್ತಿದ್ದರು.

"ಆಗಿದ್ದು ಆಗಿಹೋಯ್ತಮ್ಮ. ವಾಪಸ್ ತಂದಿಡು. ಮರ ಅಂತ ಬರೆಯಲ್ಲ. ಕರಕುಶಲ ಕಲೆ ಅಂತ ಬರೆಸ್ತೀನಿ. ಸುಳ್ಳೂ ಅಲ್ಲ, ಕೇಳೋಕೂ ಗೌರವ."

ಚಪ್ಪಲಿಯವನು ಹೊಲಿಗೆ ನಿಲ್ಲಿಸಿ ತಲೆಯೆತ್ತಿದ. ಅತ್ತ ಕಡೆ ಆ ಕಪಾಟು, ಬೀದಿಗೆ ಮುಖ ಮಾಡಿ, ದೀಪ ಹೊತ್ತಿಸಿಕೊಂಡು ಕಾಯುತ್ತಿತ್ತು. ಅದನ್ನು ಸುರುಳಿಯಕ್ಕ ನೋಡದೇ ಇರಲಿಲ್ಲ. ಕೈಯಲ್ಲಿದ್ದ ಸುರುಳಿಗೆ ಅಂಟು ಸವರಿ, ಒಣಗುವ ತನಕ ಬೆರಳಲ್ಲಿ ಒತ್ತಿ ಹಿಡಿದಳು.

"ಕಲೆ ಅಂತ ಬರೆದ್ರೆ ಜನ ಏನಂದ್ಕೋತಾರೆ ಸಾಹುಕಾರ್ರೇ?"

"ಏನಾದ್ರೂ ಅಂದ್ಕೊಳ್ಳಲಿ. ಮರ ಅಂದ್ಕೊಳ್ಳಲಿ, ದಂತ ಅಂದ್ಕೊಳ್ಳಲಿ, ನಮಗೇನು?"

"ನಂಗೇನು ಅಂದ್ರೆ, ನಾನು ಸುತ್ತಿದ್ದು ಕಾಗದಾನ. ಮೂರಕ್ಷರ. ಬರೆಯೋಕೆ ಜಾಗ ಸಾಲದಿದ್ರೆ ಹೇಳಿ, ಬರೆದ ರಟ್ಟು ಇಲ್ಲೇ ಇದೆ, ತಗೊಂಡೋಗಿ."

"ಹಠ ಮಾಡಿದ್ರೆ ಬಿಸಿಲಲ್ಲೇ ಕೂತಿರ್ತೀಯ."

"ಕೂತಿರ್ತೀನಿ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೈಯಲ್ಲಿ ಛತ್ರಿ ಹಿಡಿದ ಒಬ್ಬಾಕೆ ಮೇಜಿನ ಮುಂದೆ ನಿಂತು, ರಟ್ಟಿನ ಕಡೆ ಕಣ್ಣೂ ಹಾಯಿಸದೆ, ಒಂದು ಜುಮುಕಿ ಎತ್ತಿಕೊಂಡಳು. "ಎಷ್ಟು ಹಗುರ! ಇದೇನ್ರೀ, ಮರಾನಾ?"

ಸುರುಳಿಯಕ್ಕ ಸಾಹುಕಾರನ ಮುಖ ನೋಡುತ್ತಲೇ ಎದ್ದು ನಿಂತಳು. ಎಂಟು ಬಾಯಿಗಳ ಬೈಂಡಿಂಗ್ ಕೋಣೆಯಲ್ಲಿ ಯಾರೂ ಕೇಳಿರದ ದನಿಯಲ್ಲಿ, ರಸ್ತೆಯಾಚೆಯ ಅಂಗಡಿ ಹುಡುಗಿಯೂ ತಿರುಗಿ ನೋಡುವಂತೆ ಹೇಳಿದಳು:

"ಕಾಗದ!"